ಕಂಬ ಮುಟ್ಟುವ ತನಕ

ಗಣಿತದ ಮೇಡಂ ಮೌಲ್ಯಮಾಪನಕ್ಕೆ ಹೋಗಿದ್ದಾರೆ,
ವಿಜ್ಞಾನದ ಮೇಷ್ಟ್ರ ಮನೆಯಲ್ಲಿ ಗೃಹಪ್ರವೇಶ.
ಹೀಗಾಗಿ ‘ಮುಂದೇನು?’ ಹೇಳುವ ಕೆಲಸ
ಪಿ.ಟಿ. ಮೇಷ್ಟ್ರಾದ ನನ್ನ ಕೊರಳಿಗೆ ಬಿತ್ತು,
ಸೀಟಿಯ ಪಕ್ಕದಲ್ಲೇ.

ಇಲಾಖೆ ಕಳಿಸಿದ ಚಾರ್ಟು ಒಂದಿದೆ.
ಅಡಿಯಲ್ಲಿ ಒಂದು ಚೌಕ: ಎಸ್ಸೆಸ್ಸೆಲ್ಸಿ.
ಅಲ್ಲಿಂದ ಬಾಣಗಳು,
ಪಿಯುಸಿಗೆ, ಡಿಪ್ಲೊಮಾಗೆ, ಐಟಿಐಗೆ,
ಬಾಣದ ತುದಿಗೊಂದು ಚೌಕ, ಚೌಕದ ನೆತ್ತಿಗೆ ಮತ್ತೆ ಬಾಣ,
ಟೊಮೆಟೊ ಸಾಲಿಗೆ ನೆಟ್ಟ ಊರುಗೋಲಿನಂತೆ
ಎಲ್ಲವೂ ಮೇಲಕ್ಕೇ.
ಗೋಡೆಯಲ್ಲಿ ಮೊಳೆ ಸಿಗಲಿಲ್ಲ.
ಮೈದಾನಕ್ಕೆ ಒಯ್ದು ಖೋಖೋ ಕಂಬಕ್ಕೆ ಕಟ್ಟಿದೆ.

ಶಿಡ್ಲಘಟ್ಟದ ಗಾಳಿ, ಗೊತ್ತಲ್ಲ,
ಬೆಂದ ಗೂಡಿನ ವಾಸನೆ ಹೊತ್ತೇ ಬರುತ್ತದೆ.
ಹೊಂಗೆ ನೆರಳಲ್ಲಿ ಹದಿನೇಳು ಮಕ್ಕಳು,
ಫಲಿತಾಂಶ ಬಂದು ಒಂಬತ್ತು ದಿನ.

ಮೊದಲ ಪ್ರಶ್ನೆ ಲೋಹಿತನದ್ದು:
‘ಯಾವುದು ತಗೊಂಡ್ರೆ ಬೇಗ ಮುಗಿಯುತ್ತೆ ಸಾರ್?’
ನಗು. ನಾನೂ ನಕ್ಕು ತಪ್ಪಿಸಿಕೊಂಡೆ.
ನವ್ಯಶ್ರೀ ಏನೂ ಕೇಳಲಿಲ್ಲ, ಫೋನು ಚಾಚಿದಳು.
ಆ ತುದಿಯಲ್ಲಿ ಅವಳಪ್ಪ:
‘ಸೈನ್ಸೇ ಬರೀರಿ ಸಾರ್, ಅವಳ್ನ ಏನು ಕೇಳೋದು?’
ಅವಳು ಉಗುರಿನಿಂದ ನೆಲದಲ್ಲಿ
ಏನೋ ಬರೆದು ಅಳಿಸುತ್ತಿದ್ದಳು.
ನನಗೆ ಓದಲಾಗಲಿಲ್ಲ.
ಇವತ್ತಿಗೂ ಅದೇ ಕೊರೆಯುತ್ತದೆ.

ನಗೀನಾಳಿಗೆ ನರ್ಸಿಂಗು ಬೇಕು.
ಬೆಳಗಿನ ನಾಲ್ಕಕ್ಕೆದ್ದು ಅಮ್ಮನ ಜೊತೆ
ಕುದಿನೀರಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ಬೆರಳ ಗೆರೆಗಳೇ ಸವೆದಿವೆ.
ಸ್ಕಾಲರ್‌ಶಿಪ್ ಅರ್ಜಿಗೆ ಹೆಬ್ಬೆಟ್ಟು ಒತ್ತಿದರೆ
ಯಂತ್ರಕ್ಕೆ ಅವಳ ಗುರುತೇ ಹತ್ತುವುದಿಲ್ಲ.
ಮತ್ತೆ ಪ್ರಯತ್ನಿಸಿ, ಅನ್ನುತ್ತದೆ. ಮತ್ತೆ ಪ್ರಯತ್ನಿಸಿ.
ಎಪ್ಪತ್ತೆಂಟು ಪರ್ಸೆಂಟು ತೆಗೆದ ಹುಡುಗಿಗೆ!
ಚಾರ್ಟಿನಲ್ಲಿ ಇದಕ್ಕೆ ಬಾಣವಿಲ್ಲ.

ಆಗ ಕಾಂಪೌಂಡಿನ ಆಚೆಯಿಂದ ಒಂದು ದನಿ,
‘ಫೇಲಾದೋರ ಬಾಣ ಎಲ್ಲಿದೆ ಸಾರ್?’
ಗಗನ. ಎರಡು ವಿಷಯ ಹೋಗಿದೆ.
ನಮ್ಮ ತಂಡದಲ್ಲಿ ಅವಳಷ್ಟು ಚುರುಕಾಗಿ
ಬೆನ್ನಟ್ಟುವವರು ಇನ್ನೊಬ್ಬರಿಲ್ಲ.
ಒಳಗೆ ಬಾ ಅಂದೆ. ಗೇಟು ಬಿಟ್ಟು ಗೋಡೆ ಹಾರಿ ಬಂದಳು.

ನನಗೆ ತಿಳಿದಿದ್ದು ಆಟ ಒಂದೇ,
ಅದನ್ನೇ ಹಿಡಿದು ಭಾಷಣ ಶುರುಮಾಡಿದೆ:
‘ನೋಡ್ರಪ್ಪ, ಎಂಟು ಜನ ಕೂತಿರ್ತೀರ,
ಒಬ್ಬರ ಮುಖ ಆ ಕಡೆ, ಒಬ್ಬರ ಮುಖ ಈ ಕಡೆ.
ಖೋ ಬಿತ್ತು, ಎದ್ರಿ, ಒಂದು ದಿಕ್ಕು ಹಿಡಿದ್ರಿ.
ಆಮೇಲೆ ತಿರುಗೋ ಹಾಗಿಲ್ಲ, ತಿರುಗಿದ್ರೆ ಸೀಟಿ.
ಓದೂ ಹಂಗೇನೇ. ಯೋಚನೆ ಮಾಡಿ ಎದ್ದೇಳಿ.’

‘ಕಂಬ ಮುಟ್ಟಿದ ಮೇಲೆ ತಿರುಗಬಹುದಲ್ವಾ ಸಾರ್?
ನೀವೇ ಹೇಳ್ಕೊಟ್ಟಿದ್ದು,’ ಅಂದಳು ಗಗನ.

ಸುಮ್ಮನಾದೆ.
ನಾನೂ ಗಣಿತದಲ್ಲಿ ಎರಡು ಸಲ ಹೋದವನು.
ಆ ವರ್ಷ ಗೂಡಿನ ಮಾರುಕಟ್ಟೆಯ ತಕ್ಕಡಿ ಪಕ್ಕ ನಿಂತು
ಪರರ ಕಿಲೋಗಳನ್ನು ಕೂಗಿ ಕೂಗಿ ಲೆಕ್ಕ ಕಲಿತೆ.
ಇದನ್ನು ಈ ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ.
ಹೇಳಿದೆ.
ಯಾರೂ ನಗಲಿಲ್ಲ, ಲೋಹಿತನೂ.

ಆಮೇಲೆ ಬರೀ ಕಾಗದದ ಕೆಲಸ.
ಗಗನಳ ಪೂರಕ ಪರೀಕ್ಷೆಯ ಫಾರಮ್ಮು, ಕೊನೇ ದಿನ ಗುರುವಾರ.
ನವ್ಯಶ್ರೀಯ ಅರ್ಜಿಯಲ್ಲಿ ಒಂದು ಸಾಲು ಖಾಲಿ ಬಿಟ್ಟೆ,
‘ನಾಳೆ ಅಪ್ಪನನ್ನ ಕರೆದುಕೊಂಡು ಬಾ, ಫೋನಲ್ಲಿ ಬೇಡ.’
ನಗೀನಾಳಿಗೆ ಹೇಳಿದೆ, ಎರಡು ದಿನ ನೀರು ಮುಟ್ಟಬೇಡ,
ಕೊಬ್ಬರಿ ಎಣ್ಣೆ ಹಚ್ಚು,
ಹೆಬ್ಬೆಟ್ಟು ಬಿಟ್ಟು ಕಿರುಬೆರಳು ಇಟ್ಟು ನೋಡೋಣ.
‘ಎರಡು ದಿನಾನಾ ಸಾರ್?’ ಅಂದಳು,
ಎರಡು ವರ್ಷ ಅಂದಿದ್ದೆನೋ ಎಂಬಂತೆ.

ಸಂಜೆ ಚಾರ್ಟು ಬಿಚ್ಚುವಾಗ ಲೋಹಿತ ಬಂದ.
‘ಬೇಗ ಮುಗಿಯೋದು ಯಾವುದು, ಹೇಳಲೇ ಇಲ್ಲ.’
ಗೊತ್ತಿಲ್ಲ ಕಣೋ, ಅಂದೆ.
ಅವನಿಗೆ ಅದರಿಂದ ಬೇಸರವೇನೂ ಆಗಲಿಲ್ಲ.
‘ಇವತ್ತು ಆಟ ಇದೆಯಾ ಸಾರ್?’
ಜೇಬು ತಡಕಿದೆ, ಚೀಲ ತಡಕಿದೆ.
ಸೀಟಿ ಕೊರಳಲ್ಲೇ ಇತ್ತು.